ಪಾಠದ ಟಿಪ್ಪಣಿ

ಉಪಾಧ್ಯಾಯರಾದವರ ಮನೆಯಲ್ಲಿ ರಾತ್ರಿಯ ಊಟವಾದ ಮೇಲೆ ನಡೆಯುವ ವ್ರತವೊಂದುಂಟು. ಉಳಿದವರೆಲ್ಲ ಮಲಗುವ ಹೊತ್ತಿಗೆ ಮನೆಯ ಯಜಮಾನರು, ಇಲ್ಲವೆ ಯಜಮಾನಿತಿಯವರು, ಉದ್ದನೆಯ ಪುಸ್ತಕವನ್ನು ಬಿಚ್ಚಿಕೊಂಡು ಮಾರನೆಯ ದಿನದ ಪಾಠದ ಟಿಪ್ಪಣಿಯನ್ನು ಬರೆಯಲು ಕುಳಿತುಕೊಳ್ಳುವರು. ಪಾಠದ ಹೆಸರು, ಉದ್ದೇಶ, ಬೇಕಾಗುವ ಸಾಮಗ್ರಿ, ಕೇಳತಕ್ಕ ಪ್ರಶ್ನೆಗಳು, ಕಡೆಗೆ ಮೌಲ್ಯಮಾಪನ; ಇಷ್ಟನ್ನೂ ಗೀಟು ಹಾಕಿದ ಅಂಕಣಗಳಲ್ಲಿ ತುಂಬಬೇಕು. ನೋಡುವವರಿಗೆ ಇದು ಗಂಭೀರವಾದ ಚಿಂತನೆಯಂತೆ ತೋರುವುದು. ಒಳಗಿನ ಸಂಗತಿಯನ್ನು ಬಲ್ಲವರು ಮಾತ್ರ ಮುಗುಳ್ನಗುವರು. ಹೋದ ವರ್ಷದ ಪುಸ್ತಕವು ಪಕ್ಕದಲ್ಲಿಯೇ ತೆರೆದಿರುವುದನ್ನು ಅವರು ಕಂಡಿರುತ್ತಾರೆ.

ಈ ಟಿಪ್ಪಣಿಗೂ ಒಂದು ವಂಶಾವಳಿಯುಂಟು. ಜರ್ಮನಿಯ ತತ್ತ್ವಜ್ಞನಾದ ಹರ್ಬಾರ್ಟನು (1776–1841) ಬೋಧನೆಯನ್ನು ಕುರಿತು ಹೇಳಿದ ವಿಚಾರಗಳನ್ನು ಆತನ ಅನುಯಾಯಿಗಳು ಐದು ಮೆಟ್ಟಿಲುಗಳಾಗಿ ಕಟೆದರು. ಆ ಮೆಟ್ಟಿಲುಗಳು ಹಡಗನ್ನೇರಿ ಬಂದು ಭರತಖಂಡದ ಟ್ರೈನಿಂಗ್ ಶಾಲೆಗಳನ್ನು ಸೇರಿದವು. ಆಮೇಲೆ ಅಮೆರಿಕದಿಂದ ಬೇರೆ ಐದು ಮೆಟ್ಟಿಲುಗಳು ಬಂದವು. ಮೆಟ್ಟಿಲು ಯಾವುದಾದರೂ ಹತ್ತಬೇಕಾದವರು ಹಳ್ಳಿಯ ಮಕ್ಕಳೇ ಅಷ್ಟೆ.

ಮಲೆನಾಡಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷಗಳ ಸೇವೆಯನ್ನು ಮುಗಿಸುತ್ತಿದ್ದ ಮೇಷ್ಟರೊಬ್ಬರು ಈ ವ್ರತವನ್ನು ತಪ್ಪದೆ ನಡೆಸಿಕೊಂಡು ಬಂದವರು. ಅವರಿಗೆ ಯಂತ್ರದ ಪರಿಚಯ ಮಾಡಿಸಿದವರು ಹೊಸದಾಗಿ ಬಂದ ಸಹೋಪಾಧ್ಯಾಯಿನಿ. “ಸಾರ್, ತರಗತಿ, ಪಾಠ, ಎಷ್ಟು ನಿಮಿಷ ಎಂದು ಹೇಳಿದರೆ ಸಾಕು, ಅದೇ ಬರೆದುಕೊಡುತ್ತದೆ,” ಎಂದು ಆಕೆ ತಮ್ಮ ಫೋನನ್ನು ಮುಂದೆ ಹಿಡಿದರು. ಐದನೆಯ ತರಗತಿ, ಭಿನ್ನರಾಶಿ, ನಲವತ್ತು ನಿಮಿಷ. ಮೇಷ್ಟರು ಕನ್ನಡಕವನ್ನು ಒರೆಸಿ ಹಾಕಿಕೊಳ್ಳುವುದರೊಳಗೆ ಟಿಪ್ಪಣಿ ಸಿದ್ಧವಾಗಿತ್ತು.

ಪಾಠವು ಪಿಜ್ಜಾ ಎಂಬ ವಿದೇಶದ ರೊಟ್ಟಿಯಿಂದ ಆರಂಭವಾಗಿತ್ತು. ಊರಿಗೆ ಸಲ್ಲುವ ಉದಾಹರಣೆ ಬೇಕೆಂದು ಕೇಳಿದಾಗ ಯಂತ್ರವು ಸ್ವಲ್ಪವೂ ಬೇಸರಪಡದೆ, ಹಲಸಿನ ಹಣ್ಣೊಂದನ್ನು ತರಗತಿಗೆ ತಂದು ಎಂಟು ಸಮಭಾಗಗಳಾಗಿ ಕೊಯ್ದು ಮಕ್ಕಳಿಗೆ ಹಂಚತಕ್ಕದ್ದೆಂದು ಬರೆಯಿತು. ಮೇಷ್ಟರು ಗಟ್ಟಿಯಾಗಿ ನಕ್ಕುಬಿಟ್ಟರು. ಹಲಸನ್ನು ಕೊಯ್ಯುವ ಮೊದಲು ಕೈಗೂ ಕತ್ತಿಗೂ ಎಣ್ಣೆ ಸವರಬೇಕೆಂಬುದನ್ನಾಗಲಿ, ತೊಳೆಗಳು ಸಮಭಾಗಕ್ಕೆ ಒಪ್ಪುವ ಜಾತಿಯವಲ್ಲವೆಂಬುದನ್ನಾಗಲಿ ಅದಕ್ಕೆ ಯಾರು ಹೇಳಬೇಕು? ಆದರೂ ಪ್ರಶ್ನೆಗಳ ಅನುಕ್ರಮ ಬಹಳ ಚೆನ್ನಾಗಿತ್ತು. ಹಲಸಿನ ಬದಲು ಅಕ್ಕಿರೊಟ್ಟಿಯನ್ನಿಟ್ಟುಕೊಂಡು ಅವರು ಪಾಠ ಮಾಡಿದರು. ಪಾಠ ಸೊಗಸಾಗಿ ನಡೆಯಿತು.

ವ್ಯಾಕರಣದಲ್ಲಿ ಯಂತ್ರದ ಗುಣ ಇನ್ನೊಂದು ಬಗೆಯಾಗಿ ಬೆಳಕಿಗೆ ಬಂತು. ‘ಮಳೆಗಾಲ’ವು ಲೋಪಸಂಧಿಯೆಂದು ಅದು ಬರೆದಿತ್ತು. ಕಕಾರಕ್ಕೆ ಗಕಾರ ಬಂದಿರುವುದರಿಂದ ಆದೇಶಸಂಧಿಯೆಂದು ಮೇಷ್ಟರು ತಿದ್ದಿದರು. ಯಂತ್ರವು ಕೂಡಲೆ ಕ್ಷಮೆ ಬೇಡಿತು. ಮೇಷ್ಟರಿಗೆ ಏನು ತೋರಿತೋ, “ಇಲ್ಲ, ಅದು ಆಗಮಸಂಧಿ,” ಎಂದು ಬೇಕೆಂದೇ ಸುಳ್ಳು ಹೇಳಿ ನೋಡಿದರು. ಯಂತ್ರವು ಅದಕ್ಕೂ ಕ್ಷಮೆ ಬೇಡಿ ಒಪ್ಪಿಕೊಂಡಿತು! ತಪ್ಪು ಹೇಳುವ ಶಿಷ್ಯನನ್ನು ತಿದ್ದಬಹುದು. ಎಲ್ಲಕ್ಕೂ ಹೂಂಗುಟ್ಟುವ ಶಿಷ್ಯನನ್ನು ಏನು ಮಾಡುವುದು?

ಇದಕ್ಕೆ ಕಾರಣವಿಲ್ಲದೆ ಇಲ್ಲ. ಈ ಯಂತ್ರಗಳು ಅಪಾರವಾದ ಬರಹವನ್ನು ಅರಗಿಸಿಕೊಂಡು, ಒಂದು ಮಾತಿನ ಬಳಿಕ ಯಾವ ಮಾತು ಬರುವ ಸಂಭವ ಹೆಚ್ಚೆಂಬುದನ್ನು ಲೆಕ್ಕಹಾಕಿ ಬರೆಯುತ್ತವೆ. ಕೇಳಿದವರ ಮೆಚ್ಚಿಕೆಯೂ ಅವುಗಳ ತರಬೇತಿಯಲ್ಲಿ ಸೇರಿದೆ. ಅವು ಅರಗಿಸಿಕೊಂಡ ಬರಹದಲ್ಲಿ ಕನ್ನಡದ ಪಾಲು ಬಹು ಸ್ವಲ್ಪ. 2023ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚಿನವರು ಶಿಕ್ಷಣ ಫೌಂಡೇಶನ್ನಿನವರೊಡನೆ ಕೂಡಿ, ಸರ್ಕಾರಿ ಶಾಲೆಗಳ ಉಪಾಧ್ಯಾಯರಿಗಾಗಿ ‘ಶಿಕ್ಷಾ ಕೋಪೈಲಟ್’ ಎಂಬ ಸಾಧನವನ್ನು ಪ್ರಯೋಗಕ್ಕೆ ತಂದರು. ಅದು ಪಠ್ಯಪುಸ್ತಕಕ್ಕೆ ಕಟ್ಟುಬಿದ್ದು ಟಿಪ್ಪಣಿ ಬರೆಯುವಂಥದು. ಮೇಷ್ಟರ ಕೈಗೆ ಸಿಕ್ಕಿದ್ದು ಅದಲ್ಲ. ಯಾರ ಫೋನಿನಲ್ಲಾದರೂ ದೊರೆಯುವ ಸಾಮಾನ್ಯವಾದದ್ದು.

ಯಂತ್ರವನ್ನು ಹಳಿಯುವುದು ಸುಲಭ. ಆದರೆ ಉಪಾಧ್ಯಾಯರ ದಿನಚರಿಯನ್ನೂ ನೋಡಬೇಕು. ಬಿಸಿಯೂಟದ ಲೆಕ್ಕ, ಹಾಲು ಮೊಟ್ಟೆಗಳ ಲೆಕ್ಕ, ಮಕ್ಕಳ ವಿವರಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ, ಚುನಾವಣೆಯ ಕೆಲಸ. 2025ರಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ ಮನೆಮನೆಯ ಬಾಗಿಲು ತಟ್ಟಿದವರಲ್ಲಿ ಬಹುಮಂದಿ ಇವರೇ. ಹೀಗಿರುವಾಗ ರಾತ್ರಿಯ ಒಂದು ಗಂಟೆಯನ್ನು ಉಳಿಸಿಕೊಡುವ ಸಾಧನವನ್ನು ಬೇಡವೆನ್ನುವವರು ತಾವು ಎಂದೂ ಆ ಪುಸ್ತಕವನ್ನು ಬರೆಯದವರೇ ಇರಬೇಕು. ಮೇಷ್ಟರಂತೂ ಬೇಡವೆನ್ನಲಿಲ್ಲ. ಕ್ರಮೇಣ ಅವರ ಟಿಪ್ಪಣಿಯೆಲ್ಲವನ್ನೂ ಯಂತ್ರವೇ ಬರೆಯತೊಡಗಿತು.

ಆ ಆಗಸ್ಟಿನಲ್ಲಿ ನಾಲ್ಕನೆಯ ತರಗತಿಗೆ ಕುಟುಂಬವನ್ನು ಕುರಿತ ಪಾಠ. ಹಿಂದಿನ ಸಂಜೆ ತಾಲ್ಲೂಕಿನ ಸಭೆಯಿಂದ ತಡವಾಗಿ ಮನೆಗೆ ಬಂದಿದ್ದ ಮೇಷ್ಟರು, ಯಂತ್ರದ ಟಿಪ್ಪಣಿಯನ್ನು ಅಚ್ಚು ಹಾಕಿಸಿದ್ದನ್ನೇ ಹಿಡಿದು ತರಗತಿಗೆ ಹೋದರು. ‘ಚಟುವಟಿಕೆ 1: ಪ್ರತಿಯೊಂದು ಮಗುವೂ ಎದ್ದು ನಿಂತು ತನ್ನ ತಂದೆಯನ್ನು ಕುರಿತು ಮೂರು ವಾಕ್ಯಗಳನ್ನು ಹೇಳಲಿ.’ ಮಕ್ಕಳು ಸಾಲಾಗಿ ಹೇಳುತ್ತ ಬಂದರು. ಮೇಷ್ಟರ ದೃಷ್ಟಿ ಕಾಗದದಲ್ಲಿ ಎರಡನೆಯ ಚಟುವಟಿಕೆಯ ಮೇಲಿತ್ತು. ಮೂರನೆಯ ಸಾಲಿನ ಹುಡುಗಿ ಎದ್ದು ನಿಂತಳು.

“ನಮ್ಮಪ್ಪ ಅಡಕೆ ಮರಕ್ಕೆ ಔಷಧಿ ಹೊಡೀತಿದ್ರು,” ಎಂದಳು. ಎರಡನೆಯ ವಾಕ್ಯ ಬರಲಿಲ್ಲ.

ಕೊಳೆರೋಗಕ್ಕೆ ಔಷಧಿ ಹೊಡೆಯಲು ಮಳೆಯಲ್ಲಿ ಮರವೇರಿದ್ದ ಅವಳ ತಂದೆ ಜಾರಿಬಿದ್ದು ತೀರಿಕೊಂಡು ಆಗ ಒಂದು ತಿಂಗಳೂ ಆಗಿರಲಿಲ್ಲ. ಅದು ಮೇಷ್ಟರಿಗೆ ತಿಳಿಯದ ಸಂಗತಿಯಲ್ಲ; ಅವರು ಆ ಮನೆಗೆ ಹೋಗಿದ್ದರು, ಅಂಗಳದಲ್ಲಿ ಕುಳಿತು ಬಂದಿದ್ದರು. ಹುಡುಗಿ ಅಳಲಿಲ್ಲ. ಇನ್ನೆರಡು ವಾಕ್ಯಗಳನ್ನು ಹೇಳಲೇಬೇಕೋ ಏನೋ ಎಂದು ಮೇಷ್ಟರ ಮುಖವನ್ನು ನೋಡುತ್ತ ನಿಂತಿದ್ದಳು. ಅವರು ಕಾಗದವನ್ನು ಮೇಜಿನ ಮೇಲಿಟ್ಟು ಅವಳ ಬಳಿಗೆ ಹೋಗಿ, ತಲೆಯ ಮೇಲೆ ಕೈಯಿಟ್ಟು ಕೂರಿಸಿದರು. ಅಂದು ಎರಡನೆಯ ಚಟುವಟಿಕೆ ನಡೆಯಲಿಲ್ಲ.

ಕೈಯಾರ ಬರೆದಿದ್ದರೆ ‘ತಂದೆ’ ಎಂಬ ಮಾತಿನ ಬಳಿ ಲೇಖನಿ ತಾನಾಗಿ ನಿಲ್ಲುತ್ತಿತ್ತು ಎಂದು ಅವರಿಗೆ ಆ ರಾತ್ರಿ ತೋರಿತು. ತೋರಿದುದನ್ನು ಹಾಗೆಯೇ ನಂಬುವ ಸ್ವಭಾವ ಅವರದಲ್ಲ. ಅಟ್ಟದಿಂದ ಹಳೆಯ ಪುಸ್ತಕಗಳನ್ನು ಇಳಿಸಿ ತೆಗೆದು ನೋಡಿದರು. ಅದೇ ಚಟುವಟಿಕೆ, ಅದೇ ಮೂರು ವಾಕ್ಯ, ಅವರದೇ ಕೈಬರಹದಲ್ಲಿ, ವರ್ಷ ವರ್ಷವೂ ಇತ್ತು! ಯಂತ್ರವನ್ನು ದೂರುವ ಹಾಗೂ ಇರಲಿಲ್ಲ. ಆದರೆ ಒಂದು ವರ್ಷದ ಪುಟದಲ್ಲಿ, ಗೀಟಿನ ಹೊರಗೆ, ಪೆನ್ಸಿಲಿನಲ್ಲಿ ಬರೆದ ಒಂದು ಸಾಲಿತ್ತು: ‘ಇಬ್ಬರಿಗೆ ತಂದೆಯಿಲ್ಲ. ಅಜ್ಜಿಯನ್ನು ಕುರಿತು ಕೇಳುವುದು.’ ಬೇರೆ ಪುಟಗಳ ಅಂಚಿನಲ್ಲಿಯೂ ಅಂಥವು ಅಲ್ಲಲ್ಲಿ ಇದ್ದವು: ಒಬ್ಬನಿಗೆ ಹಲಗೆ ಕಾಣಿಸದು, ಮುಂದೆ ಕೂರಿಸುವುದು, ಒಬ್ಬಳಿಗೆ ಮನೆಮಾತು ಲಂಬಾಣಿ, ನಿಧಾನವಾಗಿ ಹೇಳುವುದು. ತನಿಖೆಗೆ ಬಂದ ಅಧಿಕಾರಿಗಳು ರುಜು ಹಾಕಿದ್ದು ಅಂಕಣಗಳನ್ನು ನೋಡಿ. ಅಂಚನ್ನು ಯಾರೂ ಓದಿದಂತೆ ಕಾಣಲಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ‘ನಲಿಕಲಿ’ ಆರಂಭವಾದಾಗ, ಉಪಾಧ್ಯಾಯರು ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಮಕ್ಕಳ ಕಲಿಕೆಯ ಕಾರ್ಡುಗಳನ್ನು ತಾವೇ ಕುಳಿತು ರೂಪಿಸಿದರು. ಆ ಕಾರ್ಡುಗಳು ಮುಂದೆ ಅಚ್ಚಾಗಿ ನಾಡೆಲ್ಲ ಹರಡಿದವು. ಹರಡಿದವುಗಳಲ್ಲಿ ಮೊದಲಿನ ಬಿಸಿ ಎಷ್ಟು ಉಳಿಯಿತೆಂಬುದನ್ನು ಕುರಿತು ಉಪಾಧ್ಯಾಯರಲ್ಲಿ ಚರ್ಚೆ ಈಗಲೂ ಉಂಟು.

ಮಾರನೆಯ ದಿನ ಸಂಗತಿಯನ್ನು ಕೇಳಿದ ಸಹೋಪಾಧ್ಯಾಯಿನಿಯವರು ಮೊದಲು ಸುಮ್ಮನಿದ್ದು ಆಮೇಲೆ, “ಸಾರ್, ಮಕ್ಕಳ ವಿಷಯವನ್ನೆಲ್ಲ ಯಂತ್ರಕ್ಕೇ ತಿಳಿಸಿಬಿಟ್ಟರೆ? ಮುಂದಿನ ಸಲ ಅದೇ ನೋಡಿಕೊಂಡು ಬರೆಯುತ್ತದಲ್ಲ,” ಎಂದರು.

ಮಾತು ಅಸಂಬದ್ಧವೇನೂ ಅಲ್ಲ. ಮೇಷ್ಟರು ಬಹಳ ಹೊತ್ತು ಯೋಚಿಸಿದರು. “ಬೇಡಮ್ಮ. ಆ ತಾಯಿ ನನ್ನನ್ನು ಕೂರಿಸಿ ಹೇಳಿಕೊಂಡ ಮಾತು ಅದು. ಎಲ್ಲಿಗೆ ಹೋಗುತ್ತದೋ ತಿಳಿಯದ ಕಡೆಗೆ ಹೇಗೆ ಕಳಿಸಲಿ?” ಎಂದರು.

ಟಿಪ್ಪಣಿಯನ್ನು ಈಗಲೂ ಯಂತ್ರವೇ ಬರೆಯುತ್ತದೆ. ಆ ಹಾಳೆಗಳನ್ನು ಪುಸ್ತಕಕ್ಕೆ ಅಂಟಿಸುವಾಗ ಮೇಷ್ಟರು ಎಡಗಡೆ ನಾಲ್ಕು ಬೆರಳಿನಷ್ಟು ಜಾಗ ಬಿಡುತ್ತಾರೆ. ಅಂಟಿಸಿದ ಮೇಲೆ ಹಾಜರಿಪುಸ್ತಕವನ್ನು ಮುಂದಿಟ್ಟುಕೊಂಡು ಒಂದೊಂದೇ ಹೆಸರನ್ನು ಓದುತ್ತ ಹೋಗುತ್ತಾರೆ. ಉಳಿಯಿತೆಂದುಕೊಂಡ ಗಂಟೆಯಲ್ಲಿ ಅರ್ಧ ಇದರಲ್ಲಿಯೇ ಕಳೆಯುವುದು. ಬರೆಯುವುದು ಪೆನ್ಸಿಲಿನಲ್ಲಿ, ತನಿಖೆಯ ಹಿಂದಿನ ದಿನ ರಬ್ಬರಿನಿಂದ ಅಳಿಸಿಬಿಡುತ್ತಾರೆಂದು ಸಹೋಪಾಧ್ಯಾಯಿನಿಯವರು ನಗುತ್ತ ಹೇಳುವುದುಂಟು.