ಹೊಸ ಕೂಸು, ಹಳೆಯ ಮನೆ

ಕಾಲ್ಚೆಂಡಾಟವೆಂದರೆ ಕಲ್ಕತ್ತೆ ಇಲ್ಲವೆ ಗೋವೆ, ಬೆಂಗಳೂರಿಗೆ ಕ್ರಿಕೆಟ್ಟೊಂದೇ ಸಾಕು ಎಂಬ ಭಾವನೆ ಈ ನಗರದ ಅನೇಕ ಮನೆಗಳಲ್ಲಿ ಬಹುಕಾಲ ಬೇರೂರಿತ್ತು. ಆ ಭಾವನೆಯನ್ನು ಅಲುಗಿಸಿದ್ದು 2013-14ರ ಋತು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ ತಂಡ, ಅಂದು ದೇಶದ ಅಗ್ರ ಪಂದ್ಯಾವಳಿಯಾಗಿದ್ದ ಐ-ಲೀಗನ್ನು ಮೊದಲ ಯತ್ನದಲ್ಲೇ ಗೆದ್ದಿತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಬಾರದೆಂಬುದು ಹಿರಿಯರ ಮಾತು. ಈ ಕೂಸಾದರೋ ತೊಟ್ಟಿಲಿನಲ್ಲಿರುವಾಗಲೇ ಕಿರೀಟ ಧರಿಸಿತು.

ಸೆಪ್ಟೆಂಬರ್ 22ರಂದು ಅಶೋಕನಗರದ ಕಾಲ್ಚೆಂಡು ಕ್ರೀಡಾಂಗಣದಲ್ಲಿ ಮೋಹನ್ ಬಾಗಾನ್ ವಿರುದ್ಧ ಮೊದಲ ಪಂದ್ಯ. ಆಸ್ಟ್ರೇಲಿಯದ ಶಾನ್ ರೂನಿ ತಂಡದ ಪ್ರಥಮ ಗೋಲು ಹೊಡೆದನು. ಪಂದ್ಯ 1-1ರಲ್ಲಿ ಸಮವಾಯಿತು. ನಾಯಕ ಸುನಿಲ್ ಚೆಟ್ರಿ, ತರಬೇತುದಾರ ಆಶ್ಲಿ ವೆಸ್ಟ್‌ವುಡ್. ಪಶ್ಚಿಮದ ಮೆಟ್ಟಿಲುಗಳ ಮೇಲೆ ನೀಲಿ ಅಂಗಿಯ ತರುಣರು ಹಾಡಿ ಕುಣಿಯುವುದು ವಾಡಿಕೆಯಾಯಿತು. 2014ರ ಏಪ್ರಿಲ್ 21ರಂದು ಗೋವೆಯ ಫತೋರ್ಡಾದಲ್ಲಿ ಡೆಂಪೊ ತಂಡವನ್ನು 4-2ರಿಂದ ಸೋಲಿಸಿದಾಗ, ಇನ್ನೊಂದು ಪಂದ್ಯ ಉಳಿದಿರುವಂತೆಯೇ ಪಟ್ಟ ಕೈಸೇರಿತು.

ಕೂಸು ಹೊಸದು, ಮನೆ ಮಾತ್ರ ಹಳೆಯದು. ಬ್ರಿಟಿಷ್ ಸೈನ್ಯದೊಡನೆ ದಂಡು ಪ್ರದೇಶಕ್ಕೆ ಬಂದ ಈ ಆಟವನ್ನು ಅಲ್ಲಿಯ ಗಲ್ಲಿಯ ಹುಡುಗರು ಬರಿಗಾಲಿನಲ್ಲೇ ತಮ್ಮದಾಗಿಸಿಕೊಂಡರು. ಮುಂಬಯಿಯ ರೋವರ್ಸ್ ಕಪ್ಪನ್ನು 1937ರಲ್ಲಿ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸಿನ ವಿರುದ್ಧ ಭಾರತ ಹೊಡೆದ ಏಕೈಕ ಗೋಲು ಬೆಂಗಳೂರಿನ ಎಸ್. ರಾಮನ್ ಅವರದು.

ಆದರೆ ಹೆತ್ತವರ ಪ್ರಶ್ನೆ ಯಾವಾಗಲೂ ಒಂದೇ: ಆಟ ಅನ್ನ ಕೊಡುತ್ತದೆಯೇ? ಇದಕ್ಕೆ ಉತ್ತರ ದೊರೆತದ್ದು ನಗರದ ಪೂರ್ವದಲ್ಲಿ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಮಹದೇವಪುರದ ನೆರೆಯ ದೂರವಾಣಿನಗರದಲ್ಲಿ ಐ.ಟಿ.ಐ. ತಲೆಯೆತ್ತಿದವು. ಎರಡೂ ತಂಡ ಕಟ್ಟಿ, ಚೆಂಡೊದೆಯಬಲ್ಲ ಹುಡುಗನಿಗೆ ನೌಕರಿಯನ್ನೂ ಕೊಟ್ಟವು. ಬೆಳಗ್ಗೆ ಯಂತ್ರದ ಮುಂದೆ, ಸಂಜೆ ಚೆಂಡಿನ ಹಿಂದೆ. ಮಂಡಿ ಸೋತರೂ ತಿಂಗಳ ಸಂಬಳ ಸೋಲುತ್ತಿರಲಿಲ್ಲ.

ಆ ವ್ಯವಸ್ಥೆ ಕಾಲಕ್ರಮೇಣ ಸೊರಗಿತು. ಎಚ್‌.ಎ.ಎಲ್. ತಂಡ 2011-12ರ ಐ-ಲೀಗಿನಿಂದ ಕೆಳಗಿನ ವಿಭಾಗಕ್ಕೆ ಜಾರಿತು. ಮರುವರ್ಷವೇ ಉಕ್ಕಿನ ಉದ್ಯಮವೊಂದರ ಬಂಡವಾಳದಿಂದ ಬೆಂಗಳೂರು ಎಫ್‌ಸಿ ಹುಟ್ಟಿತು. ಇಲ್ಲಿ ಆಟವೇ ಉದ್ಯೋಗ, ಕರಾರೇ ಆಧಾರ. ಆಡಬಲ್ಲವನಿಗೆ ಕೈತುಂಬ ಹಣವುಂಟು. ಆದರೆ ಕರಾರು ಮುಗಿದ ಮರುದಿನ ಹೋಗಿ ಕೂರಲು ಕಾರ್ಖಾನೆಯ ಪೀಠವಿಲ್ಲ.

ಆದ್ದರಿಂದ ಆ ಋತುವಿನ ಗೆಲುವನ್ನು ಕೊಂಡಾಡುವಾಗ ಅದರ ಹಿಂದಿನ ಋಣವನ್ನೂ ನೆನೆಯುವುದು ನ್ಯಾಯ. ಹಣದಿಂದ ಒಂದೇ ವರ್ಷದಲ್ಲಿ ತಂಡ ಕಟ್ಟಬಹುದು. ಚೆಂಡನ್ನು ಪ್ರೀತಿಸುವ ಊರನ್ನು ಕಟ್ಟಲು ಮೂರು ತಲೆಮಾರು ಬೇಕು. ಮಹದೇವಪುರದ ಬಹುಮಹಡಿ ಕಟ್ಟಡಗಳ ನಡುವೆ ಮಕ್ಕಳಿಗೊಂದು ಬಯಲು ಉಳಿದರೆ ನಾಲ್ಕನೆಯ ತಲೆಮಾರೂ ಆಡೀತು. ಉಳಿಯದಿದ್ದರೆ, ನೋಡಿ ಚಪ್ಪಾಳೆ ತಟ್ಟೀತು, ಅಷ್ಟೆ.