ಗಾಜಿನ ಪೆಟ್ಟಿಗೆಯಲ್ಲಿ ಹಿಡಿಸದ ಕಪ್ಪೆಯ ಮನೆ

ಮೃಗಶಿರಾ ಮಳೆ ಹಿಡಿಯಿತೆಂದರೆ ಉತ್ತರ ಕನ್ನಡದ ಮುಂಡಗೋಡದಿಂದ ಜೋಯಿಡಾದವರೆಗೆ ರಾತ್ರಿಯೆಲ್ಲ ಕಪ್ಪೆಗಳದೇ ಕಾರುಬಾರು. ಬೆಳಗಾದರೆ ಮಕ್ಕಳ ಕೈಯಲ್ಲಿ ಗಾಜಿನ ಬಾಟಲಿ, ಅದರೊಳಗೆ ಗೊದಮೊಟ್ಟೆ. ಈಗ ಇನ್ನೊಂದು ಆಸೆಯೂ ಸೇರಿಕೊಂಡಿದೆ. ಗಾಜಿನ ಪೆಟ್ಟಿಗೆಯಲ್ಲಿ ಗಿಡ, ಪಾಚಿ ಬೆಳೆಸಿ ಅದರೊಳಗೆ ಕಪ್ಪೆ ಸಾಕುವುದು. ಇಂಥ ಪೆಟ್ಟಿಗೆಗೆ ಟೆರೇರಿಯಂ ಎಂದು ಹೆಸರು. ಅದರಲ್ಲಿ ಕಪ್ಪೆ ಆರೋಗ್ಯವಾಗಿರಲು ಏನೇನು ಬೇಕು? ಉತ್ತರ ಬೇಕಾದವರು ಮುಂಡಗೋಡದಿಂದ ಪಶ್ಚಿಮಕ್ಕೆ ಒಮ್ಮೆ ಪಯಣಿಸಬೇಕು.

ಮುಂಡಗೋಡ, ಹಳಿಯಾಳಗಳು ಬಯಲುಸೀಮೆಗೆ ತಾಗಿದ ತಾಲ್ಲೂಕುಗಳು. ಇಲ್ಲಿ ಮಳೆ ಹದವಾಗಿ ಬೀಳುತ್ತದೆ. ಊರೂರಿಗೂ ಕೆರೆ, ಸುತ್ತಲೂ ಭತ್ತದ ಗದ್ದೆ. ಮೊದಲ ಮಳೆಗೆ ಗೂಳಿಗಪ್ಪೆಯ ಗಂಡು ನಿಂಬೆಹಣ್ಣಿನಂತೆ ಹಳದಿಯಾಗಿ, ಗಂಟಲ ಎರಡೂ ಬದಿಯ ನೀಲಿ ಚೀಲ ಉಬ್ಬಿಸಿ ಕೂಗುತ್ತದೆ. ಈ ಕಪ್ಪೆಯ ಕಾಲು ಒಂದು ಕಾಲಕ್ಕೆ ಹಡಗೇರಿ ವಿದೇಶದ ಊಟದ ಮೇಜಿಗೆ ಹೋಗುತ್ತಿತ್ತು. 1987ರಲ್ಲಿ ಭಾರತ ಆ ರಫ್ತನ್ನು ನಿಷೇಧಿಸಿತು. ಬೇಸಿಗೆಯಲ್ಲಿ ಕೆರೆ ಒಣಗಿದಾಗ ಬಯಲಿನ ಎಷ್ಟೋ ಕಪ್ಪೆಗಳು ಮಣ್ಣಿನೊಳಗೆ ಹುದುಗಿ ತಿಂಗಳುಗಟ್ಟಲೆ ಮಳೆಗಾಗಿ ಕಾಯುತ್ತವೆ. ನಾಲ್ಕು ಬೆರಳು ಮಣ್ಣು ಹಾಕಿದ ಪೆಟ್ಟಿಗೆಯಲ್ಲಿ ಈ ನಿದ್ದೆಗೆ ಜಾಗವೆಲ್ಲಿ?

ಹಳಿಯಾಳದಿಂದ ಮುಂದೆ ತೇಗ, ಬಿದಿರು ದಟ್ಟವಾಗುತ್ತವೆ. ಕಾಳಿ ನದಿಯ ದಡದ ದಾಂಡೇಲಿಯಲ್ಲಿ ಮರಗಪ್ಪೆ ಬಚ್ಚಲುಮನೆಯ ಗೋಡೆಯ ಅತಿಥಿ. ಅದರ ಬೆರಳ ತುದಿಯಲ್ಲಿ ಅಂಟುಬಿಲ್ಲೆಗಳಿವೆ; ಹತ್ತುವುದೇ ಅದರ ಬಾಳು. ಅದಕ್ಕೆ ಅಗಲಕ್ಕಿಂತ ಎತ್ತರ ಮುಖ್ಯ.

ಇನ್ನೂ ಪಶ್ಚಿಮಕ್ಕೆ ಹೋದರೆ ಜೋಯಿಡಾ. ಇಲ್ಲಿ ಮಳೆ ಬೀಳುವುದಲ್ಲ, ಸುರಿಯುತ್ತದೆ. ಹಾರುವ ಕಪ್ಪೆ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಯ ಗೂಡು ಕಟ್ಟುತ್ತದೆ. ಮರಿಗಳು ಗೊದಮೊಟ್ಟೆಗಳಾಗಿ ಕೆಳಗಿನ ನೀರಿಗೆ ಉದುರುತ್ತವೆ. ಪೊದೆಗಪ್ಪೆಗಳದು ಇನ್ನೊಂದು ಬಗೆ. ಅವಕ್ಕೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ, ಮೊಟ್ಟೆಯಿಂದ ನೇರವಾಗಿ ಪುಟ್ಟ ಕಪ್ಪೆಯೇ ಹೊರಬರುತ್ತದೆ. ಗೋವಾ ಗಡಿಯ ಕ್ಯಾಸಲ್ ರಾಕ್‌ನಲ್ಲಿ ಸಿಕ್ಕ ಇರುಳುಗಪ್ಪೆಯೊಂದನ್ನು 2005ರಲ್ಲಿ ಇಂದ್ರನೀಲ್ ದಾಸ್ ಮತ್ತು ಕೃಷ್ಣಮೇಘ್ ಕುಂಟೆ ಹೊಸ ಪ್ರಭೇದವೆಂದು ಜಗತ್ತಿಗೆ ಪರಿಚಯಿಸಿದರು. ಅದಕ್ಕೆ ಬೇಕಾದದ್ದು ಹರಿಯುವ ಹಳ್ಳ ಮತ್ತು ಹಳ್ಳಕ್ಕೆ ಬಾಗಿದ ಎಲೆ. ಇದೇ ಜಿಲ್ಲೆಯ ದಕ್ಷಿಣಕ್ಕೆ, ಸಿದ್ದಾಪುರದ ಕತ್ತಲೆಕಾನಿನಿಂದ 2014ರಲ್ಲಿ ಬೆಳಕಿಗೆ ಬಂದ ‘ಕುಂಬಾರ’ ಕಪ್ಪೆಯಂತೂ ಹಳ್ಳದ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ!

ಹೀಗೆ ಒಂದೊಂದು ಕಪ್ಪೆಗೆ ಒಂದೊಂದು ಮನೆ. ಎಲ್ಲಕ್ಕೂ ಸಮಾನವಾದದ್ದು ಚರ್ಮ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದ ಹೀರುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದ್ದೇ. ಆದ್ದರಿಂದ ನಲ್ಲಿ ನೀರಿನ ಕ್ಲೋರಿನ್, ಕೈಯಲ್ಲಿನ ಸೋಪು, ಉಪ್ಪು ಅದಕ್ಕೆ ಕೇಡು. ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಸ್ವಲ್ಪ ಹೊತ್ತಿನಲ್ಲೇ ಒಲೆಯಾಗುತ್ತದೆ. ತನ್ನದೇ ಹೊಲಸಿನ ಅಮೋನಿಯಾ ನೀರಿಗೆ ಸೇರಿ ಚರ್ಮದ ಮೂಲಕ ಒಳಹೋಗುತ್ತದೆ. ತಿನ್ನಲು ಅಲುಗಾಡುವ ಹುಳವೇ ಬೇಕು. ದಾರಿ ಕಾಣದೆ ಗಾಜಿಗೆ ಹಾರಿ ಹಾರಿ ಮೂತಿ ಗಾಯ ಮಾಡಿಕೊಳ್ಳುವುದೂ ಉಂಟು.

ಟೆರೇರಿಯಂ ಹುಟ್ಟಿದ್ದೂ ಕಪ್ಪೆಗಾಗಿ ಅಲ್ಲ. 1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್, ಪತಂಗದ ಕೋಶವನ್ನು ಒದ್ದೆ ಮಣ್ಣಿನೊಂದಿಗೆ ಬಾಟಲಿಯಲ್ಲಿಟ್ಟು ಮುಚ್ಚಿದ. ಅದರೊಳಗೆ ಜರೀಗಿಡವೊಂದು ಮೊಳೆಯಿತು. ಮಣ್ಣಿನ ತೇವ ಆವಿಯಾಗಿ, ಗಾಜಿಗೆ ತಾಗಿ ಹನಿಯಾಗಿ ಮರಳಿ ಮಣ್ಣಿಗಿಳಿಯಿತು. ಗಿಡಕ್ಕೆ ಅಷ್ಟು ಸಾಕು, ಕಪ್ಪೆಗೆ ಸಾಲದು.

ಕಾನೂನಿನ ಮಾತೂ ಇದೆ. ಜೋಯಿಡಾ, ದಾಂಡೇಲಿಯ ಬಹುಭಾಗ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ. ಅಲ್ಲಿನ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಂದ ಕಪ್ಪೆಯನ್ನಾಗಲಿ ಗಿಡವನ್ನಾಗಲಿ ಅನುಮತಿಯಿಲ್ಲದೆ ತರುವಂತಿಲ್ಲ. ಸಾಕಿ ಬೇಸತ್ತು ಮರಳಿ ಬಿಡುವುದೂ ಅಪಾಯವೇ. ಜಗತ್ತಿನ ಎಷ್ಟೋ ಕಡೆ ಕಪ್ಪೆಗಳ ಸಂತತಿಯನ್ನೇ ಅಳಿಸಿದ ಕೈಟ್ರಿಡ್ ಎಂಬ ಚರ್ಮದ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಒಂದೆಡೆಯ ಕಪ್ಪೆ ಇನ್ನೊಂದೆಡೆಗೆ ಹೋದರೆ ರೋಗವೂ ಜೊತೆಗೆ ಹೋಗಬಹುದು.

ಹಾಗಾದರೆ ಮಕ್ಕಳ ಕುತೂಹಲಕ್ಕೆ ತಣ್ಣೀರೆರಚಬೇಕೆ? ಬೇಡ. ಅಗಲ ಬಾಯಿಯ ಬಾಟಲಿಯ ತಳಕ್ಕೆ ಜಲ್ಲಿ, ಮೇಲೆ ಇದ್ದಿಲು, ಮಣ್ಣು ಹಾಕಿ, ಹಿತ್ತಲಿನ ಸಣ್ಣ ಗಿಡ ನೆಟ್ಟು, ನೀರು ಚಿಮುಕಿಸಿ ನೆರಳಿನಲ್ಲಿಡಿ. ಜಲಚಕ್ರದ ಪಾಠ ಕಣ್ಣೆದುರೇ ನಡೆಯುತ್ತದೆ. ಕಪ್ಪೆಗೆ ಹಿತ್ತಲಿನಲ್ಲೇ ಜಾಗ ಮಾಡಿಕೊಡಿ: ನೆರಳಿನಲ್ಲಿ ಆಳವಿಲ್ಲದ ನೀರಿನ ಬಾನಿ, ಹತ್ತಿ ಬರಲು ಅದರಲ್ಲೊಂದು ಕಲ್ಲು, ಪಕ್ಕದಲ್ಲಿ ತರಗೆಲೆಯ ರಾಶಿ. ಅಲ್ಲಿ ಕೀಟನಾಶಕ ಬೇಡ. ರಾತ್ರಿ ನೋಡಲು ಹೊರಟರೆ ಜೊತೆಗೆ ದೊಡ್ಡವರು, ಕಾಲಿಗೆ ಬೂಟು, ಕೈಯಲ್ಲಿ ಬ್ಯಾಟರಿ ಇರಲಿ. ಕಪ್ಪೆಯಿದ್ದಲ್ಲಿ ಹಾವೂ ಇರುತ್ತದೆ. ಕೂಗು ಕೇಳಿ, ದಿನಾಂಕ ಬರೆದಿಡಿ, ಮುಟ್ಟದೆ ಬನ್ನಿ.

ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಲಾಗದು ಎನ್ನುತ್ತಾರೆ ಹಿರಿಯರು. ಪೆಟ್ಟಿಗೆಯಲ್ಲಿ ಸಾಕುವುದೂ ಅಷ್ಟೇ ಕಷ್ಟ. ಕೆರೆಗೆ ಕಸ ಸುರಿಯದೆ, ಹಳ್ಳದ ಬದಿಯ ಮರ ಕಡಿಯದೆ ಇದ್ದರೆ ಸಾಕು, ಅದರ ಆರೋಗ್ಯವನ್ನು ಅದೇ ನೋಡಿಕೊಳ್ಳುತ್ತದೆ.