ನಾನ್ಸಿಯ ಕತ್ತಲಕೋಣೆ

ಬಾಗಿಲು ಮುಚ್ಚಿಕೊಳ್ಳುತ್ತದೆ. ಕಣ್ಣು ತೆರೆದಿದೆಯೋ ಮುಚ್ಚಿದೆಯೋ ನಿಮಗೇ ತಿಳಿಯದಷ್ಟು ಕತ್ತಲೆ. ಎದುರಿಗೆಲ್ಲೋ ಕಬ್ಬಿಣದ ಪೆಟ್ಟಿಗೆಯೊಂದರೊಳಗೆ ನೆರ್ನ್‌ಸ್ಟ್ ದೀಪ ಉರಿಯುತ್ತಿದೆ. ಅದರ ಬೆಳಕು ಹೊರಬರುವುದಿಲ್ಲ, ಕಾವು ಮಾತ್ರ ಕೆನ್ನೆಗೆ ತಾಗುತ್ತದೆ. ಮೇಜಿನ ಮೇಲೆ ಪುಟ್ಟದೊಂದು ವಿದ್ಯುತ್ ಕಿಡಿ ಚಿಟಿಚಿಟಿ ಅನ್ನುತ್ತಿದೆ. ಅಲ್ಲಿಂದ ಏಳುವ ಓಝೋನಿನ ಘಾಟು ಮೂಗಿನ ಹೊಳ್ಳೆಯನ್ನು ಚುರುಗುಟ್ಟಿಸುತ್ತದೆ.

ಇದು 1904ರ ಸೆಪ್ಟೆಂಬರ್. ಪೂರ್ವ ಫ್ರಾನ್ಸಿನ ನಾನ್ಸಿ ಪಟ್ಟಣ. ಸದ್ಯಕ್ಕೆ ನೀವು ರಾಬರ್ಟ್ ವುಡ್, 36 ವರ್ಷ, ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕ. ಒಂದು ಮೊಳದ ದೂರದಲ್ಲಿ ಉಸಿರಾಡುತ್ತಿರುವವರು ರೆನೆ ಬ್ಲೊಂಡ್ಲೊ, 55 ವರ್ಷ, ವಿದ್ಯುತ್ಕಾಂತ ಅಲೆಗಳ ವೇಗ ಅಳೆದು ಹೆಸರು ಮಾಡಿದ ಸಜ್ಜನ. ಅವರ ಹಿಂದೆ ಒಬ್ಬ ಸಹಾಯಕ. ನೀವು ಜರ್ಮನ್ ಭಾಷೆಯಲ್ಲೇ ಮಾತಾಡುತ್ತಿದ್ದೀರಿ. ಇವನಿಗೆ ಫ್ರೆಂಚ್ ಬಾರದು ಎಂದುಕೊಂಡು ಅವರಿಬ್ಬರೂ ತಮ್ಮತಮ್ಮಲ್ಲಿ ಸಲೀಸಾಗಿ ಮಾತಾಡಿಕೊಳ್ಳಲಿ ಎಂಬುದು ನಿಮ್ಮ ಲೆಕ್ಕ.

ಹಿಂದಿನ ವರ್ಷ ಬ್ಲೊಂಡ್ಲೊ ಹೊಸ ಕಿರಣವೊಂದನ್ನು ಕಂಡುಹಿಡಿದೆನೆಂದು ಪ್ರಕಟಿಸಿದರು. ಊರಿನ ಮೊದಲಕ್ಷರದಿಂದ ಅದಕ್ಕೆ ಎನ್ ಕಿರಣ ಎಂದು ಹೆಸರಿಟ್ಟರು. ಮರ, ಕಪ್ಪು ಕಾಗದ, ಅಲ್ಯೂಮಿನಿಯಂ ಎಲ್ಲವನ್ನೂ ಹಾಯುತ್ತದಂತೆ, ನೀರು ಮತ್ತು ಸೀಸ ತಡೆಯುತ್ತವಂತೆ. ಮಂದವಾದ ಕಿಡಿಯ ಮೇಲೆ ಬಿದ್ದರೆ ಕಿಡಿ ಕೊಂಚ ಪ್ರಖರವಾಗುತ್ತದಂತೆ. ಮನುಷ್ಯನ ನರಗಳೂ ಸ್ನಾಯುಗಳೂ ಅದನ್ನು ಸೂಸುತ್ತವೆ ಎಂದು ಅದೇ ಊರಿನ ಶಾರ್ಪಾಂತಿಯೆ ಬರೆದರು. ಲೋಹಕ್ಕೆ ಕ್ಲೋರೋಫಾರ್ಮ್ ಕೊಟ್ಟರೆ ಸೂಸುವುದು ನಿಲ್ಲುತ್ತದೆ ಎಂದರು ಇನ್ನೊಬ್ಬರು. ಈಗ ನಗು ಬರಬಹುದು. ಆದರೆ 1895ರಲ್ಲಿ ಎಕ್ಸ್ ಕಿರಣ, ಮರುವರ್ಷ ಯುರೇನಿಯಂ ಕಿರಣ, 1898ರಲ್ಲಿ ರೇಡಿಯಂ. ಹಿಂದಿನ ದಿನದವರೆಗೆ ಅಸಾಧ್ಯವಾಗಿದ್ದುದೆಲ್ಲ ಒಂದೊಂದಾಗಿ ನಿಜವಾಗುತ್ತಿದ್ದ ದಶಕವದು. ಇಲ್ಲ ಎನ್ನುವವನೇ ಮೂರ್ಖನಾಗುವ ಕಾಲದಲ್ಲಿ ಹೌದು ಎಂದವರನ್ನು ನಾನಂತೂ ಸುಲಭಕ್ಕೆ ಹಳಿಯಲಾರೆ.

ನೀವೂ ಬಾಲ್ಟಿಮೋರಿನಲ್ಲಿ ಪ್ರಯತ್ನಿಸಿದ್ದಿರಿ, ಏನೂ ಕಾಣಲಿಲ್ಲ. ಬರ್ಲಿನ್ನಿನ ರೂಬೆನ್ಸ್ ಅವರಿಗೆ ಕೈಸರನಿಂದಲೇ ತೋರಿಸೆಂದು ಅಪ್ಪಣೆಯಾಗಿ, ಎರಡು ವಾರ ಒದ್ದಾಡಿ ಅವರೂ ಸೋತರು. ಕೇಂಬ್ರಿಜ್ ಸಮ್ಮೇಳನದಲ್ಲಿ ನಿಮ್ಮನ್ನು ಇಲ್ಲಿಗೆ ಹೊರಡಿಸಿದವರು ಅವರೇ. ಇಂಗ್ಲಿಷರ ಕಣ್ಣು ಮಂಜಿನಿಂದ, ಜರ್ಮನರ ಕಣ್ಣು ಬಿಯರಿನಿಂದ ಮಂಕಾಗಿದೆ ಎಂಬ ಮಾತೂ ಫ್ರಾನ್ಸಿನಲ್ಲಿ ಓಡಾಡುತ್ತಿತ್ತು.

ಕಿಡಿಯನ್ನೇ ನೋಡಿ ಎನ್ನುತ್ತಾರೆ ಬ್ಲೊಂಡ್ಲೊ. ಕೈ ಅಡ್ಡ ಇಟ್ಟರೆ ಮಂಕಾಗುತ್ತದಂತೆ, ತೆಗೆದರೆ ಬೆಳಗುತ್ತದಂತೆ. ನೀವು ನೋಡುತ್ತೀರಿ. ಕಣ್ಣಲ್ಲಿ ನೀರಾಡುವವರೆಗೆ ನೋಡುತ್ತೀರಿ. ಕಿಡಿ ಹಾಗೇ ಇದೆ. ನಿಮ್ಮ ಕಣ್ಣಿಗೆ ಅಷ್ಟು ಸೂಕ್ಷ್ಮತೆ ಇಲ್ಲ ಎಂಬ ಉತ್ತರ ಸೌಜನ್ಯದಿಂದಲೇ ಬರುತ್ತದೆ, ಹೊಟ್ಟೆಯಲ್ಲಿ ತಣ್ಣನೆ ಏನೋ ಇಳಿಯುತ್ತದೆ. ನಿಜವಾಗಿಯೂ ನನ್ನ ಕಣ್ಣೇ ಸರಿಯಿಲ್ಲದಿದ್ದರೆ? ಬೆಳಕನ್ನೇ ವೃತ್ತಿ ಮಾಡಿಕೊಂಡವನಿಗೆ ಇದಕ್ಕಿಂತ ದೊಡ್ಡ ಭಯ ಬೇರೆ ಯಾವುದು?

ಹಾಗಾದರೆ ಕೈ ನಾನು ಇಡುತ್ತೇನೆ, ಯಾವಾಗ ಇಟ್ಟೆನೆಂದು ನೀವು ಹೇಳಿ ಎನ್ನುತ್ತೀರಿ. ಅವರು ಒಪ್ಪುತ್ತಾರೆ. ಕೈಯನ್ನು ಕಿರಣದ ದಾರಿಯಲ್ಲಿ ಅಲುಗದಂತೆ ಹಿಡಿದಿರುತ್ತೀರಿ. ಕಿಡಿ ಬೆಳಗಿತು, ಮಂಕಾಯಿತು, ಬೆಳಗಿತು ಎಂದು ಅವರು ಹೇಳುತ್ತಲೇ ಹೋಗುತ್ತಾರೆ. ಒಂದು ಉತ್ತರವೂ ನಿಮ್ಮ ಕೈಗೆ ಹೊಂದುವುದಿಲ್ಲ.

ಇಷ್ಟರಿಂದ ಏನೂ ತೀರ್ಮಾನವಾಗದು. ಕಣ್ಣಿನ ವಿಷಯ ಕಣ್ಣಿಗೇ ಬಿಟ್ಟದ್ದು ಎಂದುಬಿಡಬಹುದು. ಆದರೆ ಮುಂದಿನದು ಅಂಕಿಯ ವಿಷಯ. ಕಿರಣಗಳು ಒಂದು ಸೀಳಿನ ಮೂಲಕ ಹಾಯ್ದು, ಅಲ್ಯೂಮಿನಿಯಂ ಪಟ್ಟಕದಲ್ಲಿ ಬಾಗಿ, ಬೇರೆಬೇರೆಯಾಗಿ ಹರಡುತ್ತವೆ. ಕತ್ತಲಲ್ಲಿ ಮಿಣುಗುವ ಬಣ್ಣದ ಸಣ್ಣ ಗೆರೆಯೊಂದನ್ನು ತಿರುಪಿನಿಂದ ಸರಿಸುತ್ತಾ, ಅದು ಎಲ್ಲಿ ಹೆಚ್ಚು ಹೊಳೆಯಿತೋ ಆ ಜಾಗವನ್ನು ಬ್ಲೊಂಡ್ಲೊ ಓದಿ ಹೇಳುತ್ತಾರೆ, ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ಕರಾರುವಾಕ್ಕಾಗಿ. ಸೀಳಿನ ಅಗಲವೇ ಎರಡು ಮೂರು ಮಿಲಿಮೀಟರ್ ಇರುವಾಗ ಇದು ಹೇಗೆ ಸಾಧ್ಯ ಎಂದು ಕೇಳುತ್ತೀರಿ. ಎನ್ ಕಿರಣಗಳ ಸೋಜಿಗಗಳಲ್ಲಿ ಇದೂ ಒಂದು ಎಂಬ ಉತ್ತರ ಸಿಗುತ್ತದೆ. ಆ ಗಳಿಗೆಯಲ್ಲಿ ನಿಮ್ಮೊಳಗೆ ಏನೋ ಗಟ್ಟಿಯಾಗುತ್ತದೆ.

ಇನ್ನೊಮ್ಮೆ ಅಳೆದು ತೋರಿಸಿ ಎನ್ನುತ್ತೀರಿ.

ಪಟ್ಟಕ ನಿಮ್ಮ ಕೈಗೆ ಎಟುಕುವಂತಿದೆ. ತಿರುಪು ತಿರುಗುವ ಸಣ್ಣ ಕಿರುಗುಟ್ಟುವಿಕೆ ಕೇಳಿಸುತ್ತಿದೆ. ಕೈ ಚಾಚುವುದೇ? ಅತಿಥಿಯಾಗಿ ಬಂದಿದ್ದೀರಿ, ಕೇಳಿದ್ದನ್ನೆಲ್ಲ ಆ ಮನುಷ್ಯ ತೋರಿಸಿದ್ದಾನೆ, ಇದು ಉಂಡ ಮನೆಯ ಜಂತೆ ಎಣಿಸುವ ಕೆಲಸ. ಸಿಕ್ಕಿಬಿದ್ದರೆ ಯುರೋಪಿನ ಯಾವ ಪ್ರಯೋಗಶಾಲೆಯ ಬಾಗಿಲೂ ನಿಮಗೆ ತೆರೆಯದು. ಅದಕ್ಕಿಂತ ಭಾರವಾದದ್ದು ಇನ್ನೊಂದಿದೆ. ಪಟ್ಟಕ ತೆಗೆದ ಕೂಡಲೇ ಅವರು ಏನೂ ಕಾಣುತ್ತಿಲ್ಲ ಎಂದರೆ? ಆಗ ಎನ್ ಕಿರಣ ಇದೆ ಎಂದು ಒಪ್ಪಿ, ನನ್ನದೇ ಕಣ್ಣು ಕುರುಡು ಎಂದು ಬರೆಯಬೇಕಾದವರು ನೀವು. ಪಣಕ್ಕೆ ಬಿದ್ದಿರುವುದು ಬ್ಲೊಂಡ್ಲೊ ಒಬ್ಬರ ಮಾನವಲ್ಲ.

ಉಸಿರು ಹಿಡಿಯುತ್ತೀರಿ. ತೋಳು ಚಾಚುತ್ತೀರಿ. ಬಟ್ಟೆ ಸರಬರ ಅಂದೀತು. ನಿಧಾನ. ಬೆರಳಿಗೆ ತಣ್ಣನೆಯ ಲೋಹ. ಎತ್ತುತ್ತೀರಿ. ತಾಗಲಿಲ್ಲ, ಸದ್ದಾಗಲಿಲ್ಲ. ಅಂಗೈಯಲ್ಲಿ ಪಟ್ಟಕ, ಕಿವಿಯಲ್ಲಿ ನಿಮ್ಮದೇ ನಾಡಿ.

ಬ್ಲೊಂಡ್ಲೊ ಮೊದಲ ಅಂಕಿ ಓದುತ್ತಾರೆ. ಆಮೇಲೆ ಎರಡನೆಯದು. ಮೊದಲು ಓದಿದ್ದ ಅಂಕಿಗಳೇ.

ಯಾವ ಫಲಿತಾಂಶ ಬಂದರೆ ತಾನು ಸುಳ್ಳಾಗುತ್ತೇನೆಂದು ಹೇಳಬಲ್ಲ ಸಿದ್ಧಾಂತವೇ ವಿಜ್ಞಾನದ್ದು ಎಂದು ಕಾರ್ಲ್ ಪಾಪರ್ ಪುಸ್ತಕ ಬರೆಯುವುದು 1934ರಲ್ಲಿ. ಅದಕ್ಕಿನ್ನೂ 30 ವರ್ಷ ಇದೆ. ನಿಮ್ಮ ಬಳಿ ಅಂಥ ಸೂತ್ರವಿಲ್ಲ. ಇರುವುದು ಬೆವರಿದ ಅಂಗೈಯಲ್ಲಿ ಒಂದು ಅಲ್ಯೂಮಿನಿಯಂ ತುಂಡು, ಅದು ಅಲ್ಲಿಲ್ಲದಿದ್ದರೂ ಬದಲಾಗದ ಅಳತೆ.

ಪಟ್ಟಕ ಸ್ವಸ್ಥಾನ ಸೇರುತ್ತದೆ. ಇನ್ನೊಂದು ಪ್ರಯೋಗ: ಎನ್ ಕಿರಣ ಸೂಸುತ್ತದೆನ್ನಲಾದ ಉಕ್ಕಿನ ಅರವನ್ನು ಕಣ್ಣಿನ ಹತ್ತಿರ ಹಿಡಿದರೆ ಮಬ್ಬಿನಲ್ಲಿ ಗೋಡೆ ಗಡಿಯಾರದ ಮುಳ್ಳು ಕಾಣುತ್ತದಂತೆ. ಅರದ ಬದಲು ಅದೇ ಆಕಾರದ ಮರದ ತುಂಡು ಹಿಡಿಯುತ್ತೀರಿ. ಆಗಲೂ ಬ್ಲೊಂಡ್ಲೊ ಅವರಿಗೆ ಮುಳ್ಳು ಕಾಣುತ್ತದೆ.

ಸಹಾಯಕನಿಗೆ ಈಗ ಅನುಮಾನ. ಈ ಸಲ ತಾನೇ ಅಳೆಯುತ್ತೇನೆ ಎಂದು ಮುಂದೆ ಬರುತ್ತಾನೆ. ಮತ್ತೆ ಕತ್ತಲೆ. ನೀವು ಬೇಕೆಂದೇ ಸಪ್ಪಳ ಮಾಡುತ್ತಾ ಪಟ್ಟಕದ ಕಡೆ ನಡೆಯುತ್ತೀರಿ. ಅದನ್ನು ಮುಟ್ಟುವುದಿಲ್ಲ. ತಿರುಪು ತಿರುಗುತ್ತದೆ, ನಿಲ್ಲುತ್ತದೆ. ಏನೂ ಕಾಣುತ್ತಿಲ್ಲ, ಅಮೆರಿಕದವನು ಏನೋ ಎಡವಟ್ಟು ಮಾಡಿದ್ದಾನೆ ಎಂದು ಅವನು ಯಜಮಾನರಿಗೆ ಫ್ರೆಂಚಿನಲ್ಲಿ ಗೊಣಗುವುದು ನಿಮಗೆ ಸ್ಪಷ್ಟವಾಗಿ ಕೇಳಿಸುತ್ತದೆ. ಥಟ್ಟನೆ ದೀಪ. ಅವನು ಪಟ್ಟಕದ ಮೇಲೆ ಬಾಗುತ್ತಾನೆ. ಅದು ಇದ್ದಲ್ಲೇ ಇದೆ. ತಲೆಯೆತ್ತಿ ನಿಮ್ಮನ್ನು ದುರುಗುಟ್ಟಿ ನೋಡುತ್ತಾನೆ. ನಿಮ್ಮ ಮುಖದಲ್ಲಿ ಒಂದು ಗೆರೆಯೂ ಅಲುಗುವುದಿಲ್ಲ.

ಮರುದಿನವೇ ನೀವು ‘ನೇಚರ್’ ಪತ್ರಿಕೆಗೆ ಬರೆಯುತ್ತೀರಿ, ಬ್ಲೊಂಡ್ಲೊ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಹೇಳದೆ. ಸೆಪ್ಟೆಂಬರ್ 29ರಂದು ಪತ್ರ ಅಚ್ಚಾಗುತ್ತದೆ. ಫ್ರಾನ್ಸಿನ ಹೊರಗೆ ಎನ್ ಕಿರಣದ ಮಾತು ಬೇಗನೆ ಅಡಗುತ್ತದೆ. ಒಳಗೆ ಅಷ್ಟು ಬೇಗ ಅಲ್ಲ. ಅದೇ ಡಿಸೆಂಬರಿನಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಬ್ಲೊಂಡ್ಲೊ ಅವರಿಗೆ 50,000 ಫ್ರಾಂಕಿನ ಬಹುಮಾನ ಕೊಟ್ಟಿತು, ಅವರ ಒಟ್ಟು ಸಾಧನೆಗೆ ಎಂಬ ಮಾತಿನೊಂದಿಗೆ. ಕಾಣುತ್ತಿದೆ ಎಂದು ಬರೆದವರು ನೂರರ ಆಸುಪಾಸು ಇದ್ದರು. ಅವರಲ್ಲಿ ಬಹಳ ಮಂದಿ ಸದ್ದಿಲ್ಲದೆ ಬೇರೆ ವಿಷಯಕ್ಕೆ ಹೊರಳಿದರು.

ಬ್ಲೊಂಡ್ಲೊ ಮೋಸಗಾರರಾಗಿರಲಿಲ್ಲ. ತಾವು ಕಂಡೆವೆಂದದ್ದನ್ನು ಅವರು ಕಂಡೇ ಇದ್ದರು. ಫ್ರಾನ್ಸಿನ ‘ರೆವ್ಯೂ ಸಿಯಾಂತಿಫಿಕ್’ ಪತ್ರಿಕೆ ಕೊನೆಗೆ ಅವರ ಮುಂದೆ ಸುಲಭದ ಪರೀಕ್ಷೆಯೊಂದನ್ನು ಇಟ್ಟಿತು: ಒಂದೇ ತೆರನಾದ, ಮುಚ್ಚಿದ ಎರಡು ಪೆಟ್ಟಿಗೆ, ಒಂದರಲ್ಲಿ ಕಿರಣ ಸೂಸುತ್ತದೆನ್ನಲಾದ ಉಕ್ಕು, ಇನ್ನೊಂದರಲ್ಲಿ ಸೀಸ, ತೆರೆಯದೆ ಯಾವುದು ಯಾವುದೆಂದು ಹೇಳಬೇಕು. ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯ ತಾವೇ ಮಾಡಿಕೊಳ್ಳಲಿ ಎಂದು 1906ರಲ್ಲಿ ಅವರು ಅದನ್ನು ನಿರಾಕರಿಸಿದರು. ಕತ್ತಲಕೋಣೆಯಲ್ಲಿ ಅವರು ತಪ್ಪಿದ್ದರು, ಅಷ್ಟೇ. ತಪ್ಪದ ವಿಜ್ಞಾನಿ ಯಾರಿದ್ದಾರೆ? ವಿಜ್ಞಾನದಿಂದ ಅವರು ಹೊರಗೆ ಕಾಲಿಟ್ಟದ್ದು, ನನ್ನ ಲೆಕ್ಕದಲ್ಲಿ, ಆ ಪೆಟ್ಟಿಗೆಗಳು ಬೇಡವೆಂದ ದಿನ.